ಬ್ರಿಟನ್ನಿನಲ್ಲಿ ವಿಷ ಮಾರಾಟದ ಕಾನೂನು

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಬ್ರಿಟನ್ನಿನಲ್ಲಿ ಆರ್ಸೆನಿಕ್ ಪಾಷಾಣವನ್ನು ಯಾರು ಬೇಕಾದರೂ ಮಾರಬಹುದಿತ್ತು, ಯಾರು ಬೇಕಾದರೂ ಕೊಳ್ಳಬಹುದಿತ್ತು. ಇಲಿ ಕೊಲ್ಲಲೆಂದು ಕಿರಾಣಿ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುತ್ತಿದ್ದ ಈ ಬಿಳಿ ಪುಡಿಗೆ ರುಚಿಯಿಲ್ಲ, ವಾಸನೆಯಿಲ್ಲ. ಹಿಟ್ಟು ಸಕ್ಕರೆಗಳ ನಡುವೆ ಗುರುತೇ ಸಿಗದು. ವಿಷವಿಕ್ಕಿದ ಕೊಲೆಗಳು ಜನರನ್ನು ಕಂಗೆಡಿಸಿದಾಗ 1851ರಲ್ಲಿ ಆರ್ಸೆನಿಕ್ ಕಾಯ್ದೆ ಬಂತು. ಕೊಳ್ಳುವವರ ಹೆಸರು, ವಿಳಾಸ, ಪ್ರಮಾಣ, ಉದ್ದೇಶಗಳನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. ಪರಿಚಯವಿಲ್ಲದವರಿಗೆ ಸಾಕ್ಷಿಯಿಲ್ಲದೆ ಕೊಡಕೂಡದು. ಚಿಲ್ಲರೆಯಾಗಿ ಮಾರುವ ಪುಡಿಗೆ ಹೊಗೆಮಸಿ ಇಲ್ಲವೇ ನೀಲಿ ಬೆರೆಸಬೇಕು. ಆದರೆ ಮಾರುವವರಿಗೆ ಯಾವ ಅರ್ಹತೆ ಇರಬೇಕೆಂದು ಕಾಯ್ದೆ ಹೇಳಲಿಲ್ಲ.

1858ರಲ್ಲಿ ಬ್ರಾಡ್‌ಫರ್ಡ್ ಪಟ್ಟಣ ಈ ಕೊರತೆಗೆ ಬೆಲೆ ತೆತ್ತಿತು. ಸಕ್ಕರೆ ದುಬಾರಿಯೆಂದು ಮಿಠಾಯಿಗೆ ಜಿಪ್ಸಮ್ ಪುಡಿ ಸೇರಿಸುವ ರೂಢಿ ಅಲ್ಲಿತ್ತು. ಔಷಧ ವ್ಯಾಪಾರಿಯ ಸಹಾಯಕ ಅದರ ಬದಲು 12 ಪೌಂಡ್ ಆರ್ಸೆನಿಕ್ ತೂಗಿ ಕೊಟ್ಟ. ಸುಮಾರು 20 ಜನ ಸತ್ತರು, 200ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಯಾರಿಗೂ ಶಿಕ್ಷೆಯಾಗಲಿಲ್ಲ. ಹತ್ತು ವರ್ಷಗಳ ಬಳಿಕ, 1868ರ ಫಾರ್ಮಸಿ ಕಾಯ್ದೆಯು ವಿಷದ ಚಿಲ್ಲರೆ ಮಾರಾಟವನ್ನು ನೋಂದಾಯಿತ ಔಷಧಜ್ಞರಿಗೆ ಸೀಮಿತಗೊಳಿಸಿತು. ಪೊಟ್ಟಣದ ಮೇಲೆ ‘ವಿಷ’ ಎಂಬ ಚೀಟಿ ಕಡ್ಡಾಯವಾಯಿತು. ಅಫೀಮು ವಿಷಗಳ ಪಟ್ಟಿಗೆ ಸೇರಿದರೂ ಪೇಟೆಂಟ್ ಔಷಧಿಗಳಿಗೆ ವಿನಾಯಿತಿ ಉಳಿಯಿತು. ಅಫೀಮು ಬೆರೆತ ಸಿರಪ್‌ಗಳನ್ನು ಹಸುಗೂಸುಗಳಿಗೆ ಕುಡಿಸಿ ಮಲಗಿಸುವುದು ಹಾಗೆಯೇ ನಡೆಯಿತು.

ಮೊದಲ ಮಹಾಯುದ್ಧ ಕಾನೂನಿನ ದಿಕ್ಕನ್ನು ಬದಲಿಸಿತು. ಸೈನಿಕರ ನಡುವೆ ಕೊಕೇನ್ ಹರಡುತ್ತಿದೆಯೆಂಬ ಭಯದಿಂದ 1916ರಲ್ಲಿ ಕೊಕೇನ್ ಮತ್ತು ಅಫೀಮಿಗೆ ತುರ್ತು ನಿರ್ಬಂಧ ಬಂತು. 1920ರ ಅಪಾಯಕಾರಿ ಮಾದಕ ವಸ್ತುಗಳ ಕಾಯ್ದೆ ಅದನ್ನು ಶಾಶ್ವತಗೊಳಿಸಿತು. ಅಲ್ಲಿಂದ ಮುಂದೆ ವಿಷ ಮತ್ತು ಮಾದಕ ವಸ್ತುಗಳಿಗೆ ಬೇರೆ ಬೇರೆ ಕಾನೂನುಗಳಾದವು. 1971ರಲ್ಲಿ ಮಾದಕಗಳನ್ನು ಎ, ಬಿ, ಸಿ ವರ್ಗಗಳಾಗಿ ವಿಂಗಡಿಸಲಾಯಿತು. 1972ರಲ್ಲಿ ವಿಷಗಳಿಗೆ ಪ್ರತ್ಯೇಕ ಕಾಯ್ದೆಯಾಯಿತು. ಅಣುರಚನೆಯನ್ನು ಕೊಂಚ ಬದಲಿಸಿ ನಿಷೇಧಿತ ಮಾದಕಗಳ ಪಟ್ಟಿಯಿಂದ ನುಣುಚಿಕೊಳ್ಳುವ ಹೊಸ ನಶೆಪುಡಿಗಳು ಬಂದಾಗ, 2016ರ ಕಾಯ್ದೆಯು ಪಟ್ಟಿಯನ್ನೇ ಬಿಟ್ಟು, ಮನಸ್ಸಿನ ಮೇಲೆ ಪರಿಣಾಮ ಬೀರುವ ಎಲ್ಲ ವಸ್ತುಗಳ ತಯಾರಿಕೆ ಮತ್ತು ಪೂರೈಕೆಯನ್ನು ನಿಷೇಧಿಸಿತು. ಮದ್ಯ, ನಿಕೋಟಿನ್, ಕೆಫೀನ್, ಆಹಾರ, ಔಷಧಿ ಮುಂತಾದವುಗಳಿಗೆ ವಿನಾಯಿತಿ.

ಕಾನೂನು ಮಾರಾಟಕ್ಕಷ್ಟೇ ನಿಲ್ಲಲಿಲ್ಲ. ಮಾದಕ ಸೇವಿಸಿ ವಾಹನ ಓಡಿಸುವುದು 1930ರ ರಸ್ತೆ ಸಂಚಾರ ಕಾಯ್ದೆಯಲ್ಲೇ ಅಪರಾಧವಾಗಿತ್ತು. ಆದರೆ ಚಾಲಕ ಹಿಡಿತ ಕಳೆದುಕೊಂಡಿದ್ದನೆಂದು ಸಾಬೀತುಪಡಿಸುವುದು ಕಷ್ಟವಿತ್ತು. 2015ರ ಮಾರ್ಚ್ 2ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರಕ್ತದಲ್ಲಿನ ಮಾದಕದ ಪ್ರಮಾಣವೇ ಅಪರಾಧವನ್ನು ನಿರ್ಧರಿಸುತ್ತದೆ. ಡಯಾಜೆಪಾಮ್, ಮಾರ್ಫೀನ್‌ನಂಥ ವೈದ್ಯರು ಬರೆದುಕೊಡುವ ಔಷಧಿಗಳೂ ಈ ನಿಯಮಕ್ಕೆ ಒಳಪಡುತ್ತವೆ. ಹೇಳಿದಂತೆಯೇ ಸೇವಿಸಿ, ಚಾಲನೆಗೆ ತೊಡಕಾಗದಿದ್ದರೆ ರೋಗಿಗೆ ಕಾನೂನಿನ ರಕ್ಷಣೆಯಿದೆ. ಹೀಗಾಗಿ ಮಂಪರು ಬಂದರೆ ವಾಹನ ಮುಟ್ಟಬಾರದೆಂದು ಮಾತ್ರೆಯ ಜೊತೆಗೇ ತಿಳಿಹೇಳುವುದು ಔಷಧಜ್ಞರ ಹೊಣೆಯಾಗಿದೆ.