ಕಪಟಬೋಧಕನ ಅಟ್ಟಹಾಸ

ಅಭಿನಯವು ಮಿತಿ ಮೀರಿದರೆ ರಸಭಂಗವಾಗುವುದೆಂಬುದು ಲೋಕದ ಸಾಮಾನ್ಯಾಭಿಪ್ರಾಯ. ಆದರೆ ಔಚಿತ್ಯವೇ ಕಾವ್ಯದ ಜೀವಿತವೆಂದು ಹನ್ನೊಂದನೆಯ ಶತಮಾನದಲ್ಲಿ ಪ್ರತಿಪಾದಿಸಿದ ಕಾಶ್ಮೀರದ ಕ್ಷೇಮೇಂದ್ರನನ್ನು ಓದಿದವರು, ಮಿತಿಯೆಂಬುದು ಅಳತೆಗೋಲಿಗೆ ಸಿಲುಕತಕ್ಕ ವಸ್ತುವಲ್ಲವೆಂದೂ, ಯಾವ ಪಾತ್ರಕ್ಕೆ ಯಾವುದು ತಕ್ಕುದೆಂಬುದೇ ವಿಚಾರಣೀಯವೆಂದೂ ಒಪ್ಪುವರು. 1955ನೆಯ ಇಸವಿಯಲ್ಲಿ ಅಮೆರಿಕಾದಲ್ಲಿ ಹೊರಬಂದ 'ದಿ ನೈಟ್ ಆಫ್ ದಿ ಹಂಟರ್' ಎಂಬ ಚಲಚ್ಚಿತ್ರದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿರುವುದು.

ಇದರ ಮೂಲವು ನಿಜವಾಗಿ ನಡೆದ ಘೋರಕೃತ್ಯ. ವೆಸ್ಟ್ ವರ್ಜೀನಿಯಾ ಪ್ರಾಂತದ ಹ್ಯಾರಿ ಪವರ್ಸ್ ಎಂಬವನು ವಿವಾಹದ ಆಸೆ ತೋರಿಸಿ ಕರೆತಂದ ಇಬ್ಬರು ಸ್ತ್ರೀಯರನ್ನೂ, ಅವರಲ್ಲೊಬ್ಬಳ ಮೂವರು ಮಕ್ಕಳನ್ನೂ ಕೊಂದು, 1932ರಲ್ಲಿ ಮೌಂಡ್ಸ್‌ವಿಲ್ ಊರಿನ ಸೆರೆಮನೆಯಲ್ಲಿ ಗಲ್ಲಿಗೇರಿದನು. ಆ ಊರಿನವನೇ ಆದ ಡೇವಿಸ್ ಗ್ರಬ್ 1953ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು, ಪ್ರಸಿದ್ಧ ನಟನಾದ ಚಾರ್ಲ್ಸ್ ಲಾಟನ್ ಚಿತ್ರವಾಗಿ ನಿರ್ದೇಶಿಸಿದನು.

ಕಥೆ ಸರಳವಾದುದು. ದರೋಡೆ ಮಾಡಿ ಗಲ್ಲಿಗೇರಿದವನೊಬ್ಬನು ಹತ್ತು ಸಾವಿರ ಡಾಲರುಗಳನ್ನು ತನ್ನ ಮಗಳ ಬೊಂಬೆಯೊಳಗೆ ಅಡಗಿಸಿ, ಗುಟ್ಟು ಕಾಯುವಂತೆ ಮಗನಿಂದ ಭಾಷೆ ತೆಗೆದುಕೊಂಡಿರುತ್ತಾನೆ. ಸೆರೆಮನೆಯಲ್ಲಿ ಆತನ ಜೊತೆಗಿದ್ದ ಹ್ಯಾರಿ ಪವೆಲ್ ಎಂಬ ಕಪಟ ಧರ್ಮಬೋಧಕನು ಹಣದ ವಾಸನೆ ಹಿಡಿದು ಬಂದು, ವಿಧವೆಯನ್ನು ಮದುವೆಯಾಗಿ, ಅವಳನ್ನು ಕೊಂದು, ಮಕ್ಕಳ ಬೆನ್ನಟ್ಟುತ್ತಾನೆ. ಸನ್ಯಾಸಿವೇಷದಿಂದ ಪಂಚವಟಿಗೆ ಬಂದ ರಾವಣನನ್ನು ಬಲ್ಲ ನಮಗೆ ಈ ವೇಷವು ಅಪರಿಚಿತವಲ್ಲ.

ಪವೆಲನ ಪಾತ್ರವನ್ನು ವಹಿಸಿದವನು ರಾಬರ್ಟ್ ಮಿಚಮ್. ಆತನು ಅರೆಮುಚ್ಚಿದ ಕಣ್ಣುಗಳಿಗೂ ಮಿತಭಾಷಿತ್ವಕ್ಕೂ ಹೆಸರಾದ ನಟ; 1947ರ 'ಔಟ್ ಆಫ್ ದಿ ಪಾಸ್ಟ್' ಚಿತ್ರದಲ್ಲಿ ಹುಬ್ಬನ್ನೂ ಹೆಚ್ಚಾಗಿ ಅಲ್ಲಾಡಿಸಿದವನಲ್ಲ. ಅಂತಹವನು ಇಲ್ಲಿ ಕಟ್ಟೆಯೊಡೆದ ಕೆರೆಯಂತಾಗಿರುವನು. ಬಲಗೈಯ ಬೆರಳುಗಳ ಮೇಲೆ 'ಪ್ರೀತಿ'ಯೆಂದೂ ಎಡಗೈಯ ಮೇಲೆ 'ದ್ವೇಷ'ವೆಂದೂ ಹಚ್ಚೆ. ಆ ಕೈಗಳೆರಡನ್ನೂ ಹೆಣೆದು ಮಲ್ಲಯುದ್ಧ ಮಾಡಿಸುತ್ತಾ ಆತನು ಉಪನ್ಯಾಸ ಕೊಡುವನು. ನೆಲಮನೆಯ ಮೆಟ್ಟಿಲಿನಲ್ಲಿ ಕೈಗಳನ್ನು ಮುಂದಕ್ಕೆ ಚಾಚಿ ಮಕ್ಕಳ ಹಿಂದೆ ಬ್ರಹ್ಮರಾಕ್ಷಸನಂತೆ ಧಾವಿಸುವನು. ಮಕ್ಕಳ ದೋಣಿಯು ಕೈತಪ್ಪಿ ಹೊಳೆಗೆ ಜಾರಿದಾಗ ಅವನ ಗಂಟಲಿನಿಂದ ಹೊರಡುವ ಧ್ವನಿಯು ಮನುಷ್ಯನದೆಂದು ಹೇಳಲಾಗದು.

ಇದು ಅತಿರೇಕವೇ? ಅತಿರೇಕವೇ ಸರಿ, ಆದರೆ ಅನುಚಿತವಲ್ಲ. ಪವೆಲನೇ ಒಬ್ಬ ನಟ, ಭಕ್ತಿಯ ನಟ; ಬೂಟಾಟಿಕೆಯೇ ಅವನ ಕಸಬು. ದೊಡ್ಡವರಲ್ಲಿ ಬಹುಮಂದಿ ಆ ನಾಟಕಕ್ಕೆ ಮರುಳಾಗುವರು, ಬಾಲಕ ಜಾನ್ ಮರುಳಾಗನು. ಈ ಚಿತ್ರದ ಕಣ್ಣು ಆ ಬಾಲಕನದು. ಮಗುವಿಗೆ ಭಯಂಕರನಾದವನು ಸಾಧಾರಣ ಪ್ರಮಾಣದಲ್ಲಿ ಕಾಣಿಸುವುದುಂಟೆ? ಬಹುಕಾಲ ಮಕ್ಕಳ ನಡುವೆ ಬಾಳಿದವನಾದ ನನಗೆ ಇದರಲ್ಲಿ ಸಂಶಯವಿಲ್ಲ. ಹಿರಿಯರು ಮಗುವಿನ ಮಾತನ್ನು ನಂಬದಿರುವುದೇ ಈ ಕಥೆಯ ನಿಜವಾದ ಭಯಾನಕವೆಂದು ತೋರುತ್ತದೆ.

ಲಾಟನ್ನನು ಈ ಕೃತಿಗಾಗಿ ಗ್ರಿಫಿತನ ಮೂಕಚಿತ್ರಗಳನ್ನು ಮತ್ತೆ ನೋಡಿದನು. ಆ ಯುಗದ ತಾರೆಯಾದ ಲಿಲಿಯನ್ ಗಿಶ್ ಎಂಬಾಕೆಯನ್ನೇ ಮಕ್ಕಳಿಗೆ ಆಶ್ರಯವಿತ್ತ ವೃದ್ಧೆಯ ಪಾತ್ರಕ್ಕೆ ಆರಿಸಿದನು. ಒಂದಿರುಳು ಪವೆಲನು ಹೊರಗೆ ಕುಳಿತು ಭಕ್ತಿಗೀತೆಯನ್ನು ಹಾಡುತ್ತಿರಲು, ಬಂದೂಕು ಹಿಡಿದು ಒಳಗೆ ಕಾದಿರುವ ಆಕೆಯೂ ದನಿಗೂಡಿಸುವಳು. ಒಂದೇ ಗೀತೆ, ಒಂದು ಕಂಠದಲ್ಲಿ ಕಪಟ, ಇನ್ನೊಂದರಲ್ಲಿ ಶ್ರದ್ಧೆ. ಕೂಗಾಟವಿಲ್ಲದ ಗಿಶಳ ಸ್ಥೈರ್ಯವು ಎದುರಿಗಿಲ್ಲದಿದ್ದರೆ ಮಿಚಮನ ಅಬ್ಬರವು ಬರಿಯ ಗದ್ದಲವಾಗುತ್ತಿತ್ತೇನೋ.

ಅಂದಿನ ಪ್ರೇಕ್ಷಕರಿಗೆ ಇದು ರುಚಿಸಲಿಲ್ಲ. 1954ರ 'ಆನ್ ದಿ ವಾಟರ್‌ಫ್ರಂಟ್' ಚಿತ್ರದಲ್ಲಿ ಮಾರ್ಲನ್ ಬ್ರಾಂಡೋ ತೋರಿದ ಸಹಜಾಭಿನಯವು ಮೆರೆಯುತ್ತಿದ್ದ ಕಾಲವದು. ಮೂಕಚಿತ್ರದ ನೆರಳು ಬಿದ್ದ ಈ ಕೃತಿಯು ಹಣವನ್ನೂ ಗಳಿಸಲಿಲ್ಲ, ಆಗ ಮನ್ನಣೆಯನ್ನೂ ಪಡೆಯಲಿಲ್ಲ. ಲಾಟನ್ನನು ಮತ್ತೊಂದು ಚಿತ್ರವನ್ನು ನಿರ್ದೇಶಿಸದೆ 1962ರಲ್ಲಿ ತೀರಿಕೊಂಡನು. ಅಮೆರಿಕಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹದ ಪಟ್ಟಿಗೆ ಈ ಕೃತಿಯು ಸೇರಿದುದು 1992ರಲ್ಲಿ, ಆತನು ಕಾಲವಾಗಿ ಮೂವತ್ತು ವರ್ಷಗಳ ಮೇಲೆ.