ಉಪ್ಪಿನ ಬಯಲಲ್ಲಿ ಮರೆತ ದಶಕ

ಮೊದಲು ಕಣ್ಣಿಗೆ ಬಿದ್ದ ಸಂಖ್ಯೆ ಗಂಟೆಗೆ 183.586 ಮೈಲಿ. ನ್ಯೂಜಿಲೆಂಡಿನ ಬರ್ಟ್ ಮನ್ರೊ 1967ರ ಆಗಸ್ಟ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ, 1000 ಸಿಸಿ ಒಳಗಿನ ವರ್ಗದಲ್ಲಿ ಮಾಡಿದ ದಾಖಲೆ ಅದು. ಕೆಲವು ದಿನ ಕಳೆದು ಇನ್ನೊಂದು ಪಟ್ಟಿ ನೋಡಿದೆ. ಅದೇ ಸವಾರ, ಅದೇ ವರ್ಷ, ಅದೇ ಬಯಲು. ಸಂಖ್ಯೆ ಮಾತ್ರ 184.087. ಹಸ್ತಪ್ರತಿ ಓದುವವರು ಇಂಥದ್ದನ್ನು ಪಾಠಾಂತರ ಎನ್ನುತ್ತಾರೆ. ಒಂದೇ ಪದ್ಯ ಎರಡು ಓಲೆಗಳಲ್ಲಿ ಎರಡು ರೀತಿ ಇದ್ದರೆ ಕವಿಯದು ಯಾವುದು, ಲಿಪಿಕಾರನ ಕೈತಪ್ಪು ಯಾವುದು ಎಂದು ಹುಡುಕುವುದು ಅವರ ಕಸುಬು. ಇಲ್ಲಿನ ವ್ಯತ್ಯಾಸ ಗಂಟೆಗೆ ಒಂದು ಕಿಲೋಮೀಟರೂ ಇಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ.

ಗಾಡಿಯ ಹೆಸರು 'ಇಂಡಿಯನ್' ಎಂದಾಗ ನಮಗೆ ಕಿವಿ ನೆಟ್ಟಗಾಗುತ್ತದೆ. ಅದಕ್ಕೂ ನಮಗೂ ಸಂಬಂಧವಿಲ್ಲ; ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಯಾರಾದ ಅಮೆರಿಕದ ಗಾಡಿ. 1920ರ ಸ್ಕೌಟ್ ಮಾದರಿ, 600 ಸಿಸಿ, ಹೊಸದಿದ್ದಾಗ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಇನ್ವರ್ಕಾರ್ಗಿಲ್ ಊರಿನ ಮನ್ರೊ 1926ರಿಂದ ಅದನ್ನು ಬಿಚ್ಚುವುದು, ತಿದ್ದುವುದು, ಮತ್ತೆ ಜೋಡಿಸುವುದು ಶುರುಮಾಡಿದ. ಹಳೆ ಡಬ್ಬಿಗಳಲ್ಲಿ ಲೋಹ ಎರಕ ಹೊಯ್ದು ಪಿಸ್ಟನ್ ಮಾಡಿಕೊಳ್ಳುತ್ತಿದ್ದ. ಸಿಡಿದುಹೋದ ಭಾಗಗಳನ್ನು ಎಸೆಯದೆ ಕಪಾಟಿನಲ್ಲಿ ಸಾಲಾಗಿಟ್ಟು 'ವೇಗದೇವತೆಗೆ ಅರ್ಪಣೆ' ಎಂದು ಬರೆದುಕೊಂಡಿದ್ದ. 1967ರಲ್ಲಿ ಎಂಜಿನ್ 950 ಸಿಸಿ ಆಗಿತ್ತು, ಗಾಡಿಗೆ 47 ವರ್ಷ, ಸವಾರನಿಗೆ 68.

ಮನ್ರೊ ಸುತ್ತ ಸಂಖ್ಯೆಗಳ ಹುತ್ತವೇ ಬೆಳೆದಿದೆ. 1962ರ ದಾಖಲೆ ಸುಮಾರು 179 ಮೈಲಿ. 1966ರದು 168. ನಾಲ್ಕು ವರ್ಷ ದುಡಿದು ಹನ್ನೊಂದು ಮೈಲಿ ಹಿಂದೆ ಹೋಗಿದ್ದು ದಾಖಲೆ ಹೇಗಾದೀತು? ಒಂದು ಸಂಜೆ ಪೂರ್ತಿ ಇದು ಅಚ್ಚಿನ ತಪ್ಪೆಂದೇ ನಂಬಿದ್ದೆ. ತಪ್ಪು ನನ್ನದು: ಮೊದಲನೆಯದು 883 ಸಿಸಿ ವರ್ಗದ್ದು, ಎರಡನೆಯದು 1000 ಸಿಸಿ ವರ್ಗದ್ದು. ಎಂಜಿನ್ ದೊಡ್ಡದಾದರೆ ಪಂದ್ಯದ ಕಡತವೇ ಬದಲಾಗುತ್ತದೆ. ಇನ್ನು 190.07 ಇದೆ, ಅದು 1967ರಲ್ಲಿ ಅರ್ಹತೆಗಾಗಿ ಒಂದೇ ದಿಕ್ಕಿನಲ್ಲಿ ಓಡಿಸಿದ ವೇಗ, ಅಧಿಕೃತವಾಗಿ ಅಳೆದದ್ದು. 205.67 ಕೂಡ ಇದೆ, ಅದು ಅನಧಿಕೃತ. ಅದನ್ನು ಸುಳ್ಳೆನ್ನಲು ನನ್ನಲ್ಲಿ ಕಾರಣವಿಲ್ಲ, ದಾಖಲೆ ಎನ್ನಲೂ ಇಲ್ಲ. ದಶಮಾಂಶವಿದ್ದ ಮಾತ್ರಕ್ಕೆ ಐತಿಹ್ಯ ಶಾಸನವಾಗದು. 2005ರಲ್ಲಿ ರೋಜರ್ ಡೊನಾಲ್ಡ್‌ಸನ್ ತೆಗೆದ 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಸಿನಿಮಾ ಮನ್ರೊನ ಹಲವು ವರ್ಷಗಳ ಪ್ರಯಾಣವನ್ನು ಒಂದೇ ಪ್ರಯಾಣವಾಗಿ ಹೆಣೆದಿದೆ. ಕತೆಗೆ ಅದು ಸರಿ, ಸಾಕ್ಷಿಗೆ ಬಾರದು.

ಬಾನೆವಿಲ್ ಎಂದರೆ ಹಿಮಯುಗದ ದೊಡ್ಡ ಸರೋವರವೊಂದು ಬತ್ತಿ ಉಳಿದ ಉಪ್ಪಿನ ಹಾಸು. ಅಲ್ಲಿ ದಾಖಲೆಗೆ ಒಂದು ಓಟ ಸಾಲದು. ಗಾಳಿ ಬೆನ್ನಿಗಿದ್ದರೆ ಸುಳ್ಳು ವೇಗ ಬರುತ್ತದೆಂದು ಎದುರು ದಿಕ್ಕಿನಲ್ಲೂ ಓಡಿಸಿ ಸರಾಸರಿ ತೆಗೆಯುತ್ತಾರೆ. ಹಾಗಾಗಿ ದಾಖಲೆಯ ಸಂಖ್ಯೆಯನ್ನು ಯಾವ ಗಡಿಯಾರವೂ ನೇರವಾಗಿ ಕಂಡಿರುವುದಿಲ್ಲ. ಅದು ಕಾಗದದ ಮೇಲೆ ಹುಟ್ಟುತ್ತದೆ.

ಎಳೆ ಸಿಕ್ಕಿದ್ದು ಇಲ್ಲಿ. 2014ರಲ್ಲಿ, ಮನ್ರೊ ತೀರಿಕೊಂಡು 36 ವರ್ಷಗಳಾದ ಮೇಲೆ, ಅವನ ಮಗ ಜಾನ್ ಲೆಕ್ಕ ತಪ್ಪಿದೆಯೆಂದು ಅಮೆರಿಕನ್ ಮೋಟಾರ್‌ಸೈಕಲಿಸ್ಟ್ ಅಸೋಸಿಯೇಷನ್‌ಗೆ ತಿಳಿಸಿದ. ಉತ್ತರಕ್ಕೆ ಓಡಿದ್ದು 184.710, ದಕ್ಷಿಣಕ್ಕೆ 183.463; ಸರಾಸರಿ 184.087. ಸಂಸ್ಥೆ ಒಪ್ಪಿ ದಾಖಲೆ ತಿದ್ದಿತು. ಪಾಠಾಂತರದ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನಗೆ ಉಳಿದದ್ದು ಬೇರೆ ಪ್ರಶ್ನೆ: ಹಾಗಾದರೆ 183.586 ಬಂದದ್ದು ಎಲ್ಲಿಂದ?

ಮೊದಲ ಊಹೆ, ವೇಗಗಳ ಬದಲು ಸಮಯಗಳ ಸರಾಸರಿ ತೆಗೆದಿರಬಹುದು. ಎರಡೂ ಒಂದೇ ಅಲ್ಲ. ಒಂದು ಮೈಲಿಯ ಲೆಕ್ಕದಲ್ಲಿ ಆ ಓಟಗಳಿಗೆ ಹಿಡಿಯುವುದು 19.490 ಮತ್ತು 19.622 ಸೆಕೆಂಡು. ಗುಣಿಸಿ ಭಾಗಿಸಿ ನೋಡಿದೆ, 184.084 ಬಂತು. ವಿಧಾನ ಬದಲಾದರೂ ವ್ಯತ್ಯಾಸ ಸಾವಿರದಲ್ಲಿ ಎರಡು-ಮೂರು ಅಂಶ ಮಾತ್ರ. ನಮಗೆ ಬೇಕಾದದ್ದು ಅರ್ಧ ಮೈಲಿ. ಎರಡನೆಯ ಊಹೆ, ಒಂದು ಸಂಖ್ಯೆ ಮೈಲಿ ಓಟದ್ದು, ಇನ್ನೊಂದು ಕಿಲೋಮೀಟರ್ ಓಟದ್ದು. ಇದನ್ನು ತಳ್ಳಿಹಾಕಲು ನನ್ನ ಬಳಿ ಏನೂ ಇರಲಿಲ್ಲ. ಎರಡು ದಿನ ಅಲ್ಲೇ ನಿಂತೆ.

ಮೂರನೆಯ ದಿನ ಕ್ಯಾಲ್ಕ್ಯುಲೇಟರ್ ಪಕ್ಕಕ್ಕಿಟ್ಟು, 1967ರ ಗುಮಾಸ್ತ ಕೂಡಿದಂತೆ ಪೆನ್ಸಿಲ್ ಹಿಡಿದು ಕೂಡಿದೆ. ಬಲಗಡೆಯಿಂದ: .710ಕ್ಕೆ .463 ಸೇರಿಸಿದರೆ 1.173. 173 ಬರೆದು, ದಶಕ ಒಂದು. ಆ ಒಂದನ್ನು ಬಿಂದುವಿನ ಎಡಕ್ಕೆ ಒಯ್ಯಬೇಕು. ಒಯ್ಯದಿದ್ದರೆ? 184ಕ್ಕೆ 183, 367. ಮೊತ್ತ 367.173. ಅರ್ಧ ಮಾಡಿದರೆ 183.5865.

ಪೆನ್ಸಿಲ್ ಕೆಳಗಿಟ್ಟು ಮತ್ತೊಮ್ಮೆ ಕೂಡಿದೆ. ಅದೇ. ಎರಡನೆಯ ತರಗತಿಯಲ್ಲಿ ದಶಕಸಹಿತ ಸಂಕಲನ ಕಲಿಸುವಾಗ ಮೇಷ್ಟರಿಂದ ಕಿವಿ ಹಿಂಡಿಸಿಕೊಂಡವರೆಲ್ಲ ಬಲ್ಲ ತಪ್ಪು.

ಖುಷಿಯನ್ನೂ ತೂಗಿ ನೋಡಬೇಕು. 184ನ್ನು 183 ಎಂದು, ಅಥವಾ 183ನ್ನು 182 ಎಂದು ತಪ್ಪಾಗಿ ನಕಲು ಮಾಡಿದ್ದರೂ ಇದೇ ಉತ್ತರ ಬರುತ್ತದೆ. ಇವುಗಳಲ್ಲಿ ಯಾವುದೆಂದು ಸಂಖ್ಯೆಯೊಂದೇ ಹೇಳಲಾರದು. ಆದರೆ ದಶಕದ ಊಹೆ ಒಂದು ಪರೀಕ್ಷೆಗೆ ಒಡ್ಡಿಕೊಂಡಿತ್ತು: ಎರಡು ದಶಮಾಂಶ ಭಾಗಗಳು ಕೂಡಿ ಒಂದನ್ನು ದಾಟದಿದ್ದರೆ ಅದು ಅಲ್ಲೇ ಸಾಯುತ್ತಿತ್ತು. ದಾಟಿವೆ. ಕಿಲೋಮೀಟರ್-ಮೈಲಿ ಊಹೆಯೂ ಇಲ್ಲಿ ಬಡವಾಯಿತು. ಬೇರೆ ಬೇರೆ ಅಳತೆಗಳಿಂದ ಬಂದ ಸಂಖ್ಯೆಗಳಾಗಿದ್ದರೆ ಮೊತ್ತದ ಅಂತರ ಸರಿಯಾಗಿ ಒಂದೇ ಆಗುವುದು ಬಹಳ ದೊಡ್ಡ ಆಕಸ್ಮಿಕ. ಕೈಬರಹದ ಆ ಲೆಕ್ಕದ ಹಾಳೆ ಕಣ್ಣಮುಂದೆ ಬರುವ ತನಕ ನಾನು 'ಬಹುಶಃ' ಎಂಬ ಪದವನ್ನು ಬಿಡಲಾರೆ.

ಇಷ್ಟು ಸಣ್ಣ ತಪ್ಪು 47 ವರ್ಷ ಹೇಗೆ ಉಳಿಯಿತು? (ಗಾಡಿಗೆ ಆಗ ಆಗಿದ್ದ ವಯಸ್ಸೂ ಅಷ್ಟೇ ಎಂಬುದು ಕಾಕತಾಳೀಯ, ಆದರೂ ಬರೆಯದಿರಲಾರೆ.) ಉತ್ತರ 183.463 ಮತ್ತು 184.710ರ ನಡುವೆಯೇ ಬಿದ್ದಿತ್ತು. ಸರಾಸರಿ ಇರಬೇಕಾದ ಜಾಗವದು. ಕಣ್ಣಾಡಿಸಿದವರಿಗೆ ಅನುಮಾನ ಬರಲು ಕಾರಣವಿರಲಿಲ್ಲ. ಮೇಲಾಗಿ ಮೂರು ದಶಮಾಂಶ ಸ್ಥಾನಗಳಿದ್ದವು; ಮೊತ್ತದಲ್ಲಿ ಆ ಮೂರೂ ಮುಗ್ಧವಾಗಿದ್ದವು. ತಪ್ಪು ಕೂತಿದ್ದದ್ದು ಮೊತ್ತದ ಬಿಡಿ ಸ್ಥಾನದಲ್ಲಿ.

ಒಂದು ತುಣುಕು ಇನ್ನೂ ಮೇಜಿನ ಮೇಲಿದೆ. 183.5865ರ ಕೊನೆಯ ಐದನ್ನು 1967ರಲ್ಲಿ ಸುಮ್ಮನೆ ಕೈಬಿಟ್ಟು 183.586 ಎಂದು ಬರೆದಂತೆ ಕಾಣುತ್ತದೆ. 2014ರಲ್ಲಿ 184.0865ನ್ನು ಮೇಲಕ್ಕೇರಿಸಿ 184.087 ಮಾಡಿದರು. ನನ್ನ ಊಹೆ ನಿಜವಾದರೆ, ಆ ಗುಮಾಸ್ತ ದಶಕವನ್ನು ಮರೆಯದೆ ಕೂಡಿದ್ದರೂ ತನ್ನ ರೂಢಿಯಂತೆ ಬರೆಯುತ್ತಿದ್ದದ್ದು 184.086.