ಬನಾರಸಿನ ಬೇಸಿಗೆ ಮತ್ತು ನಕ್ಷೆ ಕಟ್ಟಿದವರು

ಬನಾರಸ್ ಸೀರೆ ಎಂದಾಗ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮದುವೆಮನೆ, ಭಾರದ ಜರಿ, ಒಮ್ಮೆ ಉಟ್ಟು ಪೆಟ್ಟಿಗೆ ಸೇರುವ ಕೆಂಪು ರೇಷ್ಮೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಕಾಶಿಯ ಬಿಸಿಲಿಗೂ ಈ ಸೀರೆಗೂ ಎಲ್ಲಿಯ ನಂಟು ಅನ್ನಿಸುತ್ತದೆ. ಆದರೆ ಫ್ಯಾಷನ್ ವೀಕ್‌ಗಳ 'ಸಮ್ಮರ್ ಕಲೆಕ್ಷನ್' ಹುಟ್ಟುವ ಬಹಳ ಮೊದಲೇ ಆ ಊರಿಗೆ ಬೇಸಿಗೆಯದೇ ಆದ ಉಡುಗೆತೊಡುಗೆ ಇತ್ತು. ಅದನ್ನು ತೊಟ್ಟು ಮೆರೆಯಲು ಹಬ್ಬಗಳಿದ್ದವು. ಬಟ್ಟೆಗೆ ವಿನ್ಯಾಸ ಮಾಡುವುದನ್ನೇ ಕಸುಬಾಗಿಸಿಕೊಂಡ ಮನೆತನಗಳೂ ಇದ್ದವು. ಹಬ್ಬ ನಡೆಸಿದ ಸಿರಿವಂತರ ಹೆಸರು ನಮಗೆ ಗೊತ್ತು, ಅಲ್ಲಿ ಹಾಡಿದವರ ಹೆಸರೂ ಗೊತ್ತು. ವಿನ್ಯಾಸ ಮಾಡಿದವರ ಹೆಸರು ಗೊತ್ತಿರುವುದು ಬಹಳ ಕಡಿಮೆ.

ಕಾಶಿಯಲ್ಲಿ ಬೇಸಿಗೆಯ ಸಂಭ್ರಮ ಹೋಳಿಯಾದ ಮೇಲೆ ಬರುವ ಮಂಗಳವಾರದಿಂದ ಶುರುವಾಗುತ್ತಿತ್ತು. ಅದರ ಹೆಸರು ಬುಢವಾ ಮಂಗಲ್. ಗಂಗೆಯ ಮೇಲೆ ಅಲಂಕರಿಸಿದ ದೊಡ್ಡ ದೋಣಿಗಳು, ಅವುಗಳಲ್ಲಿ ದೀಪ, ಹಾಡು, ನೃತ್ಯ, ಬೆಳಗಿನವರೆಗೂ ಜನ. 1820ರಿಂದ 1830ರವರೆಗೆ ಬನಾರಸಿನ ಟಂಕಸಾಲೆಯಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ರಿನ್ಸೆಪ್ ಆ ಊರಿನ ಬಗ್ಗೆ ತಂದ ಚಿತ್ರಸಂಪುಟದಲ್ಲಿ ಈ ಹಬ್ಬಕ್ಕೂ ಜಾಗ ಕೊಟ್ಟಿದ್ದಾನೆ. ಮುಂದೆ ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿ ಹೆಸರಾದವನು ಇವನೇ. ಹಿಂದಿ ಸಾಹಿತ್ಯದ ಭಾರತೇಂದು ಹರಿಶ್ಚಂದ್ರ (1850–1885) ಹುಟ್ಟಿದ ವರ್ತಕ ಕುಟುಂಬದಂಥವರು ಇಂಥ ಮೋಜಿಗೆ ಕೈಬಿಚ್ಚಿ ಹಣ ಸುರಿಯುತ್ತಿದ್ದರು. ಚೈತ್ರದಲ್ಲೇ ಗುಲಾಬ್ ಬಾರಿ ಎಂಬ ಇನ್ನೊಂದು ಕೂಟ. ಗುಲಾಬಿ ಪಕಳೆಗಳ ಹಾಸು, ಪನ್ನೀರಿನ ಸಿಂಚನ, ಚೈತಿ ಹಾಡುಗಳು. ಬಂದವರೆಲ್ಲ ಬಿಳಿ ಕುರ್ತಾ ತೊಟ್ಟು ಗುಲಾಬಿ ಬಣ್ಣದ ದುಪಟ್ಟಾ ಹೊದೆಯುವುದು ಅಲ್ಲಿನ ರೂಢಿ. ಈಗಿನವರು 'ಡ್ರೆಸ್ ಕೋಡ್' ಅನ್ನುವುದು ಇದನ್ನೇ.

ಆ ಬಿಳುಪಿನ ಹಿಂದೆ ಹವಾಮಾನದ ಲೆಕ್ಕವಿತ್ತು. ಸೆಕೆಗೆ ತೆಳು ಹತ್ತಿ ಬೇಕು. ಬನಾರಸಿನಲ್ಲಿ ಹತ್ತಿಯ ಜಾಮ್ದಾನಿಯನ್ನೂ ನೇಯುತ್ತಿದ್ದರು. ಪಾರದರ್ಶಕವಾದ ನೆಲದ ಮೇಲೆ ಹೂವುಗಳು ತೇಲಿದಂತೆ ಕಾಣುವ ಬಟ್ಟೆ ಅದು. ರೇಷ್ಮೆಯಲ್ಲೂ ಹಗುರದ್ದು ಬೇಕೆಂದರೆ ಕೋರಾ ಇತ್ತು. ಗೂಡಿನ ನೂಲಿಗೆ ಸಹಜವಾಗಿ ಇರುವ ಅಂಟನ್ನು ತೆಗೆಯದೆ ನೇಯುವುದರಿಂದ ಕೋರಾ ತೆಳುವಾಗಿ, ಗರಿಗರಿಯಾಗಿ ಇರುತ್ತದೆ, ಮೈಗೆ ಅಂಟುವುದಿಲ್ಲ. ಹುರಿ ಹಾಕಿದ ನೂಲಿನ ಭಾರದ ಕತಾನ್ ಸೀರೆಗಿಂತ ಇದರ ಗುಣವೇ ಬೇರೆ.

ಇವಕ್ಕೆಲ್ಲ ವಿನ್ಯಾಸ ಕೊಟ್ಟವರು ನಕ್ಷಬಂದರು, ಅಂದರೆ ನಕ್ಷೆ ಕಟ್ಟುವವರು. ಕಟ್ಟುವುದು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಕಾಗದದ ಮೇಲಿನ ಹೂಬಳ್ಳಿಯನ್ನು ಅವರು ಒಂದು ಚಿಕ್ಕ ಚೌಕಟ್ಟಿನಲ್ಲಿ ದಾರಗಳಾಗಿ ಪರಿವರ್ತಿಸುತ್ತಿದ್ದರು. ಹೊಕ್ಕಿನ ಪ್ರತಿ ಎಳೆಗೆ ಹಾಸಿನ ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗೇ ಇರಬೇಕು ಎಂಬುದು ಆ ದಾರದ ನಕ್ಷೆಯಲ್ಲಿ ಅಡಗಿರುತ್ತಿತ್ತು. ಅದನ್ನು ಮಗ್ಗಕ್ಕೆ ಜೋಡಿಸಿದರೆ, ಮೇಲೆ ಕುಳಿತ ಸಹಾಯಕ ಸರದಿಯಂತೆ ದಾರ ಎಳೆಯುತ್ತಿದ್ದ, ನೆಲದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ನೇಕಾರ ಲಾಳಿ ಹಾಯಿಸುತ್ತಿದ್ದ. ಒಮ್ಮೆ ಕಟ್ಟಿದ ನಕ್ಷೆಯಿಂದ ಅದೇ ವಿನ್ಯಾಸವನ್ನು ಮತ್ತೆ ಮತ್ತೆ ನೇಯಬಹುದಿತ್ತು. ಕೋಡ್ ಬರೆದು ಬದುಕುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ: ಅದು ದಾರದಲ್ಲಿ ಬರೆದ ಪ್ರೋಗ್ರಾಂ. ಫ್ರಾನ್ಸಿನ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಯಂತ್ರ ಇದೇ ಕೆಲಸವನ್ನು ತೂತು ಕೊರೆದ ರಟ್ಟುಗಳಿಂದ ಮಾಡಿತು. 20ನೆಯ ಶತಮಾನದಲ್ಲಿ ಆ ಯಂತ್ರ ಬನಾರಸಿನ ಮಗ್ಗಗಳ ಮೇಲೂ ಏರಿತು. ದಾರ ಎಳೆಯುವವನ ಕೆಲಸ ಹೋಯಿತು, ದಾರದ ನಕ್ಷೆಯೂ ಅಪರೂಪವಾಯಿತು. ಪುಪುಲ್ ಜಯಕರ್ 1967ರಲ್ಲಿ ಬನಾರಸಿನ ನಕ್ಷಬಂದರ ಬಗ್ಗೆ ಲೇಖನ ಬರೆಯುವ ವೇಳೆಗೆ ಆ ವಿದ್ಯೆ ಕೆಲವೇ ಕೈಗಳಲ್ಲಿ ಉಳಿದಿತ್ತು.

ಹಬ್ಬಗಳೂ ಅಷ್ಟರಲ್ಲಿ ಸೊರಗಿದ್ದವು. ರಾಷ್ಟ್ರೀಯ ಚಳವಳಿಯ ಕಾಲಕ್ಕೆ ತವಾಯಫರ ಹಾಡು, ದೋಣಿಯ ವಿಲಾಸ ಓದಿದವರ ಕಣ್ಣಿಗೆ ಹಗುರವಾಗಿ ಕಾಣತೊಡಗಿದವು. ಬುಢವಾ ಮಂಗಲ್ ಕಳೆಗುಂದಿತು. ಹೀಗೆ ಬೇಸಿಗೆಯ ಬಟ್ಟೆ ಕೊಳ್ಳುತ್ತಿದ್ದ ಶೋಕಿಯ ಲೋಕ ಕರಗಿ, ಮದುವೆಯ ಗಿರಾಕಿ ಮಾತ್ರ ಉಳಿದ. ಇಂದು ನಾವು ಬನಾರಸ್ ಎಂದರೆ ಭಾರದ ಸೀರೆ ಎಂದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹಳೆಯ ಹಗುರ ನೇಯ್ಗೆ ಮತ್ತೆ ಬೆಳಕಿಗೆ ಬರಲು 1981ರಲ್ಲಿ ಆರಂಭವಾದ 'ವಿಶ್ವಕರ್ಮ' ಪ್ರದರ್ಶನಗಳು ನೆರವಾದವು. ಮಾರ್ತಾಂಡ್ ಸಿಂಗ್ ಮುಂದಾಳತ್ವದಲ್ಲಿ, ನೇಕಾರರ ಸೇವಾ ಕೇಂದ್ರಗಳ ಸಹಾಯದಿಂದ, ಹಳೆಯ ಮಾದರಿಗಳನ್ನು ಹೊಸದಾಗಿ ನೇಯಿಸಿ ದೇಶ ವಿದೇಶಗಳಲ್ಲಿ ತೋರಿಸಲಾಯಿತು. ಅನಂತರ ರಿತು ಕುಮಾರ್, 2008ರಲ್ಲಿ 'ರಾ ಮ್ಯಾಂಗೊ' ಕಟ್ಟಿದ ಸಂಜಯ್ ಗರ್ಗ್, ವಾರಾಣಸಿಯಲ್ಲೇ ನೆಲೆಸಿ ಕೆಲಸ ಮಾಡುವ ಹೇಮಂಗ್ ಅಗ್ರವಾಲ್ ಮೊದಲಾದವರು ಬನಾರಸ್ ನೇಯ್ಗೆಯನ್ನು ಮದುವೆಮನೆಯ ಆಚೆಗೂ ತಂದರು. 2009ರಲ್ಲಿ ಬನಾರಸ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ. ಬಟ್ಟೆಯ ಮೇಲಿನ ಚೀಟಿಯಲ್ಲಿ ಡಿಸೈನರ್ ಹೆಸರಿರುತ್ತದೆ. ಮದನ್‌ಪುರ, ಅಲೈಪುರದ ಓಣಿಗಳಲ್ಲಿ ನಕ್ಷೆ ಮಾಡುವ, ನೇಯುವ ಅನ್ಸಾರಿ ಮನೆತನಗಳ ಹೆಸರಿಗೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಅವರ ವಿನ್ಯಾಸವನ್ನು ವಿದ್ಯುತ್ ಮಗ್ಗಗಳು ನಕಲು ಮಾಡಿ, ಅಗ್ಗದ ಬೆಲೆಗೆ ಅದೇ ಮಾರುಕಟ್ಟೆಗೆ ಬಿಡುತ್ತವೆ.

ಇದರಲ್ಲಿ ಕನ್ನಡ ನಾಡಿನ ಪಾಲೂ ಇದೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಹರಾಜಾಗುವ ಗೂಡಿನಿಂದ ತೆಗೆದ ನೂಲು ವಾರಾಣಸಿಯ ಮಗ್ಗಗಳಿಗೂ ಹೋಗುತ್ತದೆ. ಅಲ್ಲಿ ಅದಕ್ಕೆ ಪೈಪೋಟಿ ಚೀನಾದ ನೂಲಿನದು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ನೇಕಾರರಿಗೆ ನೂಲು ಅಗ್ಗವಾಗುವ ಆಸೆ ಹುಟ್ಟಿತು, ನಮ್ಮ ರೇಷ್ಮೆ ಬೆಳೆಗಾರರು ಗೂಡಿನ ದರ ಕುಸಿದು ಬೀದಿಗಿಳಿದರು. ಒಂದೇ ಸೀರೆಯ ಎರಡು ತುದಿಯಲ್ಲಿರುವ ಇವರಿಬ್ಬರಲ್ಲಿ ಒಬ್ಬರ ನೆಮ್ಮದಿ ಇನ್ನೊಬ್ಬರ ಸಂಕಟವಾಗುವಂತೆ ವ್ಯಾಪಾರ ಹೆಣೆದುಕೊಂಡಿದೆ.

ಅಪ್ಪ ಅಮ್ಮನನ್ನು ಕಾಶಿಗೆ ಕರೆದೊಯ್ಯುವ ಯೋಚನೆ ನಿಮಗಿದ್ದರೆ, ಸೀರೆ ಅಂಗಡಿಯಲ್ಲಿ ಸೀರೆಯ ಬೆನ್ನನ್ನು ತಿರುಗಿಸಿ ನೋಡಿ. ಪ್ರತಿ ಬುಟ್ಟಾವನ್ನೂ ಬೇರೆ ಬೇರೆಯಾಗಿ ನೇಯ್ದ ಕಢುವಾ ಸೀರೆಯಾದರೆ ಒಂದು ಹೂವಿನಿಂದ ಇನ್ನೊಂದಕ್ಕೆ ಹಾಯುವ ಸಡಿಲ ಎಳೆಗಳು ಅಲ್ಲಿರುವುದಿಲ್ಲ. ಕೈಮಗ್ಗದ ಸೀರೆಯ ಎರಡೂ ಅಂಚಿನಲ್ಲಿ, ಬಟ್ಟೆಯನ್ನು ಬಿಗಿಹಿಡಿದ ಮೊಳೆಗಳ ಸಣ್ಣ ತೂತುಗಳು ಕಾಣಬಹುದು. ಆಮೇಲೆ, ಬೆಲೆ ಕೇಳುವ ಮುಂಚೆ, ಇದರ ನಕ್ಷೆ ಯಾರದು, ನೇಯ್ದವರು ಯಾರು ಎಂದು ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದೆ ಹೋಗಬಹುದು. ಹತ್ತು ಗಿರಾಕಿಗಳು ಅದೇ ಪ್ರಶ್ನೆ ಕೇಳಿದರೆ, ಹನ್ನೊಂದನೆಯವರು ಬರುವಷ್ಟರಲ್ಲಿ ತಿಳಿದುಕೊಂಡಿರುತ್ತಾರೆ.